ಎಂಜಲುಂಡ ಕೊಳ

ಕಡಲಂಚಿನ ಬಂಡೆಯ ಗುಳಿಯೊಂದರಲ್ಲಿ, ಅಜ್ಜಿಯ ಕತೆಗಳಲ್ಲಿ ಬರುವಂಥದೇ ಪುಟ್ಟ ರಾಜ್ಯವೊಂದಿತ್ತು. ಉಬ್ಬರ ಬಂದರೆ ಅದಕ್ಕೆ ಉಸಿರು, ಊಟ, ಇಳಿದರೆ ಉಪವಾಸ. ಬಿಸಿಲೇರಿದರೆ ನೀರು ಕಾದು ಉಪ್ಪಾಗುತ್ತಿತ್ತು, ಮಳೆ ಬಿದ್ದರೆ ಸಪ್ಪೆಯಾಗುತ್ತಿತ್ತು. ಪ್ರಜೆಗಳು ಚಿಪ್ಪು ಮುಚ್ಚಿಕೊಂಡು ಎಲ್ಲವನ್ನೂ ಸಹಿಸಿದರು. ಸಹಿಸಲಾಗದೇ ಹೋದದ್ದು ನಮ್ಮ ಅಡುಗೆಯಣ್ಣನ ಕರುಣೆ ಮಾತ್ರ.

ಮಾವನ ಲಾಡ್ಜಿನ ಹಿಂಬಾಗಿಲಿಗೇ ಆ ಕೊಳ. ಈ ವಾರ ಉಬ್ಬರ ಸಣ್ಣದು, ಅಲೆ ಅಷ್ಟೆತ್ತರ ಹತ್ತಿರಲಿಲ್ಲ. ಪಾಪ, ಹಸಿದಿರುತ್ತವೆಂದು ಅಡುಗೆಯಣ್ಣ ಅತಿಥಿಗಳ ಎಂಜಲನ್ನೆಲ್ಲ ಅದಕ್ಕೇ ಸುರಿದಿದ್ದ. ಈಗ ನೀರಿನ ಮೇಲೆ ಬೂದು ಜಿಡ್ಡಿನ ಕೆನೆ. ಅದರಲ್ಲಿ ಉಬ್ಬಿದ ಬ್ರೆಡ್ಡು, ಯಾರೋ ಅಗಿದು ಉಗುಳಿದ ಮಾಂಸದ ನಾರು, ಹೊಟ್ಟೆ ಮೇಲಾಗಿ ತೇಲುವ ಮೀನುಮರಿಗಳು. ನಾತ ಕೋಣೆಗಳ ಪರದೆಗೂ ಹತ್ತಿತ್ತು.

"ಗಾರೆಯವನಿಗೆ ಹೇಳಿದೀನಿ. ಸಂಜೆ ಬಂದು ಸಿಮೆಂಟು ತುಂಬ್ತಾನೆ," ಎಂದ ಮಾವ, ಮೂಗು ಹಿಡಿದುಕೊಂಡೇ.

"ಬೇಡ ಮಾವ, ತಳದಲ್ಲಿ ಇನ್ನೂ ಜೀವ ಇದೆ. ಅವನು ಬರೋದ್ರೊಳಗೆ ನಾನೇ ತೊಳೀತೀನಿ. ಮಾತು ಕೊಟ್ಟೆ."

"ನೀನಾ? ಹಲ್ಲಿ ಕಂಡ್ರೆ ಮಂಚ ಹತ್ತೋಳು! ಆಗ್ಲಿ, ನಾತ ಉಳೀತೋ, ಸಿಮೆಂಟೇ."

ಸೌಟು ಹಿಡಿದು ಇಳಿದೆ. ಮೊಣಕೈವರೆಗೂ ಲೋಳೆ. ಏನೋ ಮೆತ್ತಗಿನದು ಬೆರಳ ಸಂದಿಯಲ್ಲಿ ಜಾರಿತು. ಬಂಡೆಯಾಚೆ ಓಡಿ ವಾಂತಿ ಮಾಡಿ ಬಂದೆ.

"ಉಂಡೋರು ಎಲ್ಲಾದ್ರೂ ಸಾಯ್ತಾರೇನಮ್ಮ?" ಎಂದ ಅಡುಗೆಯಣ್ಣ, ಬಾಗಿಲಲ್ಲೇ ನಿಂತು.

"ಅವು ಉಣ್ಣಲಿಲ್ಲ ಅಣ್ಣಾ, ನಿಮ್ಮೂಟ ಕೊಳೀತು. ಕೊಳೆಯೋದು ನೀರಲ್ಲಿರೋ ಉಸಿರನ್ನೆಲ್ಲ ಕುಡಿದುಬಿಡುತ್ತೆ. ಬನ್ನಿ, ಬಕೆಟ್ ಹಿಡೀರಿ."

ಹಿಡಿದ. ಮೊದಲನೆಯ ಬಕೆಟ್ಟಿಗೇ ಅವನ ಮುಖ ಹುಳಿ ಕಚ್ಚಿದಂತಾಯಿತು. "ಥೂ! ಇದು ನಾನು ಮಾಡಿದ್ ಅಡುಗೇನಾ?"

"ಅತಿಥಿಗಳನ್ನ ಕೇಳಿ," ಎಂದೆ.

ಮರಳಲ್ಲಿ ಗುಂಡಿ ತೋಡಿ ಹೊಲಸನ್ನೆಲ್ಲ ಹೂತೆವು. ತಳದಲ್ಲಿ ಕೆಂಪಗೆ ಕೊಳೆತ ಮಾಂಸದಂಥ ಮುದ್ದೆಯೊಂದು ಅಂಟಿತ್ತು. ಕಿತ್ತೆಸೆಯಲು ಕೈ ಹಾಕಿದರೆ ಅದು ಮೆಲ್ಲಗೆ ಮುದುಡಿ ನನ್ನ ಬೆರಳನ್ನು ಚೀಪಿತು. ಕಡಲಹೂವು, ನೀರಲ್ಲಿ ಹೂವಿನಂತೆ ಅರಳುವ ಪ್ರಾಣಿ! ಬದುಕಿತ್ತು. ಹೇಸಿಗೆಗೆ ಮೈಯೆಲ್ಲ ಜುಮ್ಮೆಂದರೂ ಬೆರಳನ್ನು ಮೆತ್ತಗೆ ಬಿಡಿಸಿಕೊಂಡೆ. ಆಮೇಲೆ ಇಬ್ಬರೂ ಕಡಲಿಂದ ಹೊಸ ನೀರು ಹೊತ್ತು ಹೊತ್ತು ಸುರಿದೆವು.

ಸಂಜೆ ಗಾರೆಯವನು ಸಿಮೆಂಟು ಮೂಟೆ ಇಳಿಸಿ ಕೇಳಿದ, "ಎಲ್ಲಿಗೆ ಸಾಮಿ?"

ಮಾವ ಕೊಳದ ಮೇಲೆ ಬಗ್ಗಿ ಮೂಸಿದ. ಮತ್ತೊಮ್ಮೆ ಮೂಸಿದ. "ಹಿಂದಿನ ಮೆಟ್ಟಿಲು ಒಡೆದಿದೆ, ಅಲ್ಲಿಗೆ ಹಾಕು," ಎಂದು ಗೊಣಗಿ, ನನ್ನ ಕಡೆ ತಿರುಗಿದ. "ನೀನು ಮಾತ್ರ ಹತ್ರ ಬರ್ಬೇಡ!"

ಕೊಳಕ್ಕೆ ಇನ್ನೂ ಒಂದು ಬಕೆಟ್ ನೀರು ಕಡಿಮೆಯಿತ್ತು. ತಂದು ಸುರಿದೆ.