ಕುರ್ಚಿಯ ಕಂತು

"ತಗೋ, ಮುಗೀತು," ಎಂದು ಅಪ್ಪ ಬಟ್ಟೆ ಒಗೆಯುವ ಮಿಷನ್ನಿನ ಮೇಲೆ ರಸೀದಿಯೊಂದನ್ನಿಟ್ಟು, ಅದು ಹಾರದಂತೆ ಮೇಲೆ ಸೋಪಿನ ಪುಡಿಯ ಡಬ್ಬಿ ಹೇರಿದ. "ಇನ್ಮೇಲೆ ಈ ಮನೇಲಿ ಯಾರ ಸಾಲಾನೂ ಇಲ್ಲ. ನೆಮ್ಮದಿಯಾಗಿ ಒಗ್ಕೋ."

ಮಗಳು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ರಸೀದಿ ನೋಡಿದಳು. ಮಿಷನ್ನಿನ ಒಂದು ವರ್ಷದ ಕಂತುಗಳಲ್ಲಿ ಅವಳು ಕಟ್ಟಿದ್ದು ನಾಲ್ಕು. ಉಳಿದದ್ದಷ್ಟನ್ನೂ ಅಪ್ಪ ಒಂದೇ ಏಟಿಗೆ ತೀರಿಸಿ ಬಂದಿದ್ದ. ಈಗ ಶಭಾಷ್ ಅನ್ನಿಸಿಕೊಳ್ಳಲು ಕಾಯುತ್ತ ನಿಂತಿದ್ದ ಬೇರೆ.

"ಯಾರು ಹೇಳಿದ್ರು ನಿಂಗೆ?"

"ಕಂತಿನ ಕಂಪನಿಯೋನು. ಗಡ್ಡಕ್ಕೆ ಬಂದಿದ್ದ. ಮುಖಕ್ಕೆಲ್ಲ ಸೋಪು ಹಚ್ಚಿದ್ಮೇಲೆ 'ನಿಮ್ಮ ಮಗಳು ಬಲೇ ಶಿಸ್ತು ಯಜಮಾನ್ರೇ, ತಾರೀಖು ತಪ್ಸಲ್ಲ' ಅಂದ. ನನ್ನ ಕೈಲಿ ಕತ್ತಿ ಇತ್ತು. ಅವನ ಪುಣ್ಯ, ಕೈ ನಡುಗ್ಲಿಲ್ಲ."

ಅಪ್ಪನದು ಕ್ಷೌರದಂಗಡಿ. ಮಗಳು ಕಣ್ಣು ಪರೀಕ್ಷಿಸುವ ವಿದ್ಯೆ ಕಲಿತು ಪೇಟೆಯ ದೊಡ್ಡ ಕನ್ನಡಕದಂಗಡಿಯ ಒಳಕೋಣೆಯಲ್ಲಿ ಕೆಲಸಕ್ಕಿದ್ದಳು. ಗೋಡೆಯ ಮೇಲಿನ ಅಕ್ಷರಗಳನ್ನು ಕಡೆಯ ಸಾಲಿನವರೆಗೂ ಸಲೀಸಾಗಿ ಓದಿದವರು ಕೂಡ ಹೊಸ ಕನ್ನಡಕದ ಚೀಟಿ ಹಿಡಿದೇ ಹೊರಗೆ ಬರಬೇಕೆಂಬುದು ಅಲ್ಲಿನ ಮಾಲೀಕರ ಅಪ್ಪಣೆ. "ನಿಮ್ಮ ಹಳೆಯ ಕನ್ನಡಕ ಚೆನ್ನಾಗಿಯೇ ಇದೆ, ಹೋಗಿ ಬನ್ನಿ" ಎಂಬ ಮಾತು ದಿನಕ್ಕೆ ಹತ್ತು ಸಲ ಬಾಯಿಗೆ ಬರುತ್ತಿತ್ತು, ಹತ್ತು ಸಲವೂ ಅವಳು ನುಂಗಿಕೊಳ್ಳುತ್ತಿದ್ದಳು. ಆ ಮಾತು ಹೇಳಬಹುದಾದ ಒಂದು ಕೋಣೆ ತನ್ನದೇ ಆಗಬೇಕೆಂದು ಹಟ ಹಿಡಿದು ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದಳು.

ಬ್ಯಾಂಕಿನ ಹೆಂಗಸು ಕಂಪ್ಯೂಟರಿನಲ್ಲಿ ಎಷ್ಟು ತಡಕಾಡಿದರೂ ಇವಳು ಸಿಗಲಿಲ್ಲ. "ನೀವು ಯಾವತ್ತೂ ಸಾಲಾನೇ ತಗೊಂಡಿಲ್ವಲ್ರೀ. ಕ್ರೆಡಿಟ್ ಹಿಸ್ಟರಿನೇ ಇಲ್ಲ. ಇಷ್ಟು ದೊಡ್ಡ ಮೊತ್ತಕ್ಕೆ ನಿಮ್ಮನ್ನ ನಂಬೋದು ಹೇಗೆ? ಏನಾದ್ರೂ ಸಣ್ಣದು ಕಂತಲ್ಲಿ ತಗೊಳ್ಳಿ, ಒಂದು ವರ್ಷ ತಪ್ಪದೆ ಕಟ್ಟಿ, ಆಮೇಲೆ ಬನ್ನಿ." ಸಾಲ ಮಾಡದವಳನ್ನು ನಂಬಲಾಗದು ಎಂಬ ನ್ಯಾಯಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಮಗಳು ನೇರ ಹೋಗಿ ಮಿಷನ್ ಕೊಂಡಿದ್ದಳು. ನಗದು ಕೊಟ್ಟೇ ತಂದಿದ್ದೇನೆ ಎಂದು ಅಪ್ಪನಿಗೆ ಸುಳ್ಳು ಹೇಳಿದ್ದಳು.

ಈಗ ಇದೆಲ್ಲವನ್ನೂ ಹೇಳಿದಳು. ಅಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ.

"ಬೇಗ ತೀರಿಸಿದ್ರೆ ಒಳ್ಳೇದಲ್ವಾ?"

"ತಿಂಗಳು ತಿಂಗಳು ಕಟ್ಟೋದು ಅವರಿಗೆ ಕಾಣ್ಬೇಕಿತ್ತಪ್ಪಾ! ನೀನು ನಾಲ್ಕೇ ತಿಂಗಳಿಗೆ ಅದರ ಬಾಗಿಲು ಹಾಕ್ಬಿಟ್ಟೆ. ಇನ್ನು ಮೊದಲಿಂದ ಶುರು ಮಾಡ್ಬೇಕು."

"ಏನೂ ಮಾಡ್ಬೇಡ. ಸಾಲ ಅಂದ್ರೆ ಏನು ಅಂತ ನಂಗೊತ್ತು."

ಗೊತ್ತಿದ್ದದ್ದು ನಿಜ. ಮಗಳು ಹುಟ್ಟುವ ಮೊದಲು, ಅಂಗಡಿಗೆಂದು ಮಾಡಿದ ಸಾಲ ತೀರಿಸುವುದು ತಡವಾದಾಗ, ಕೊಟ್ಟವನು ಬೆಳಿಗ್ಗೆಯೇ ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ಗಡ್ಡ ಬೇಡ, ಕಟಿಂಗ್ ಬೇಡ. ಕನ್ನಡಿಯಲ್ಲಿ ಅಪ್ಪನನ್ನೇ ನೋಡುತ್ತ ಅಂಗಡಿ ಮುಚ್ಚುವವರೆಗೂ ಕೂತಿದ್ದ. ಬಂದ ಗಿರಾಕಿಗಳೆಲ್ಲ ಸಂಗತಿ ತಿಳಿದು ಬಾಗಿಲಿನಿಂದಲೇ ವಾಪಸಾದರು. ಆ ಕುರ್ಚಿ ಈಗಲೂ ಇತ್ತು. ಎತ್ತರಿಸಿದರೆ ನಿಲ್ಲದೆ, ಗಡ್ಡ ಮುಗಿಯುವಷ್ಟರಲ್ಲಿ ಗಿರಾಕಿಯ ಸಮೇತ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅಂಗಡಿ ಖಾಲಿ ಇದ್ದಾಗಲೂ ಅಪ್ಪ ಅದರಲ್ಲಿ ಕೂರುತ್ತಿರಲಿಲ್ಲ, ಬೆಂಚಿನ ಮೇಲೆ ಕೂರುತ್ತಿದ್ದ.

"ಅಷ್ಟು ದುಡ್ಡು ಎಲ್ಲಿಂದ ಬಂತು?" ಮಗಳು ಕೇಳಿದಳು.

"ಹೊಸ ಕುರ್ಚಿಗೆ ಅಂತ ಇಟ್ಟಿದ್ದೆ," ಎಂದು ಅಪ್ಪ ಗೋಡೆ ನೋಡಿದ.

ಮಗಳಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಚೆನ್ನಾಗಿ ಉಗಿಯಬೇಕು ಎಂದೂ ಅನಿಸಿತು. ಅಡುಗೆಮನೆಯಿಂದ ಅಮ್ಮ, "ಮಿಷನ್ ಬಟ್ಟೆ ಒಗೀತಿದೆ ತಾನೇ? ಇಬ್ರೂ ಸುಮ್ನಿರಿ," ಎಂದಳು. ಸುಮ್ಮನಿರುವುದು ಮಗಳ ಜಾಯಮಾನವೇ ಅಲ್ಲ.

ಮುಂದಿನ ವಾರ ಕ್ಷೌರದಂಗಡಿಯ ಮುಂದೆ ಗಾಡಿಯೊಂದು ನಿಂತಿತು. ಇಬ್ಬರು ಆಳುಗಳು ಏದುಸಿರು ಬಿಡುತ್ತ ಹೊಸ ಕುರ್ಚಿ ಇಳಿಸಿದರು. ಕೆಂಪು ಗಾದಿ, ಕಾಲಿಡಲು ಸ್ಟೀಲಿನ ಹಲಗೆ, ಎತ್ತರಿಸಲು ಪೆಡಲು. ಅವರ ಹಿಂದೆಯೇ ಮಗಳು ಬಂದಳು.

"ಕಂತಿಂದಾ?" ಅಪ್ಪನ ಕತ್ತರಿ ಗಿರಾಕಿಯ ಕಿವಿಯ ಹತ್ತಿರ ನಿಂತೇಹೋಯಿತು.

"ಹೌದು. ನನ್ನ ಹೆಸರಲ್ಲಿ. ಒಂದು ವರ್ಷ."

"ವಾಪಸ್ ಕಳ್ಸು. ಇಲ್ದಿದ್ರೆ ನಾಳೆನೇ ಹೋಗಿ ತೀರಿಸ್ಬಿಡ್ತೀನಿ."

"ತೀರ್ಸು ನೋಡೋಣ. ನಿನ್ನ ಹತ್ರ ಬಿಡಿಗಾಸೂ ಉಳಿದಿಲ್ಲ ಅಂತ ಗೊತ್ತಿದ್ದೇ ತಂದಿದ್ದೀನಿ."

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವನು ಪೇಪರಿನ ಹಿಂದೆ ಮುಖ ಮರೆಸಿಕೊಂಡು ನಕ್ಕ. ಅಪ್ಪ ಮಗಳನ್ನು ಬಾಗಿಲ ಹತ್ತಿರ ಕರೆದ. ದನಿ ಇಳಿದಿತ್ತು.

"ಯಾವನಾದ್ರೂ ಬಂದು ಇದರಲ್ಲೂ ಕೂತ್ರೆ?"

"ಯಾಕೆ ಕೂರ್ತಾನೆ? ನಾನು ತಾರೀಖು ತಪ್ಪಿಸಿದ್ರೆ ತಾನೇ? ಅಪ್ಪಾ, ನಾನು ದುಡೀತೀನಿ, ನಾನು ಕಟ್ತೀನಿ, ತಪ್ಪದೆ ಕಟ್ಟಿದ್ಲು ಅನ್ನೋ ಹೆಸರೂ ನಂದೇ ಆಗ್ಬೇಕು. ಈ ಸಲ ಅಡ್ಡ ಬರ್ಬೇಡ. ಬಂದ್ರೆ ಇನ್ನೊಂದು ಕುರ್ಚಿ ತರ್ತೀನಿ."

ಒಂದು ತಿಂಗಳು ಅಪ್ಪ ಹೊಸ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚಲಿಲ್ಲ. ಕೊನೆಗೆ ಕೆಳಗಿಳಿದಿಳಿದು ಬೇಸತ್ತ ಗಿರಾಕಿಗಳೇ ಅದನ್ನು ಹರಿದು ಹಾಕಿ ಏರಿ ಕೂತರು. ಹಳೆಯದು ಗುಜರಿಗೆ ಹೋಯಿತು. ಆಮೇಲೆ ಅಪ್ಪನಿಗೆ ಹೊಸ ಚಾಳಿಯೊಂದು ಹತ್ತಿಕೊಂಡಿತು. ಕಂತಿನ ದಿನ ಮಗಳು ಹಲ್ಲುಜ್ಜುವಾಗಲೇ ಬಂದು "ಕಟ್ಟಿದ್ಯಾ?" ಎನ್ನುವನು. ಕಟ್ಟಿದೆ ಎಂದರೆ ನಂಬದೆ ಫೋನಿನಲ್ಲಿ ತೋರಿಸೆನ್ನುವನು.

ಆರನೆಯ ಕಂತಿನ ದಿನ ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಗಡಿಯೊಳಗೆ ಹೊಕ್ಕಳು. ಗಿರಾಕಿಗಳಿರಲಿಲ್ಲ. ಹೊಸ ಕುರ್ಚಿಯಲ್ಲಿ, ಹೆಗಲ ಮೇಲೆ ಟವೆಲು ಹಾಕಿಕೊಂಡು, ಅಪ್ಪ ಕೂತಿದ್ದ. ಅವಳನ್ನು ಕಂಡು ಏಳಹೋದ. ಅಷ್ಟರಲ್ಲಿ ಕಂತಿನ ಕಂಪನಿಯವನು ಗಲ್ಲ ಕೆರೆದುಕೊಳ್ಳುತ್ತ ಒಳಗೆ ಬಂದ.

"ಏನ್ ಯಜಮಾನ್ರೇ, ಕುರ್ಚಿ ಹೇಗಿದೆ?"

ಅಪ್ಪ ಏಳಲಿಲ್ಲ. ಇನ್ನಷ್ಟು ಹಿಂದಕ್ಕೆ ಒರಗಿದ.

"ಈ ತಿಂಗಳದ್ದು ಬಂತಾ?"

"ಬೆಳಿಗ್ಗೆನೇ ಬಂತು."

"ಹಂಗಾದ್ರೆ ಬೆಂಚ್ ಮೇಲೆ ಕೂತ್ಕೊಳಪ್ಪ. ಸ್ವಲ್ಪ ಹೊತ್ತಾಗುತ್ತೆ."

ಕಂತಿನವನು ಖಾಲಿ ಅಂಗಡಿಯನ್ನೊಮ್ಮೆ ನೋಡಿ, ಬೆಂಚಿನ ತುದಿಯಲ್ಲಿ ಕೂತ. ಅಪ್ಪ ಸ್ಟೀಲಿನ ಹಲಗೆಯ ಮೇಲೆ ಎರಡೂ ಕಾಲು ಚಾಚಿ, ಕನ್ನಡಿಯಲ್ಲಿ ಅವನನ್ನೇ ನೋಡತೊಡಗಿದ. ಮಗಳು ಚೀಲವನ್ನು ನೆಲಕ್ಕಿಟ್ಟು ಪೆಡಲನ್ನು ತುಳಿದಳು. ಕುರ್ಚಿ ಅಪ್ಪನನ್ನು ಹೊತ್ತು ಮೇಲೇರಿತು, ಮೇಲೆಯೇ ನಿಂತಿತು.