ಚೀಟಿ ಕೇಳುವವಳ ಸ್ವಗತ

ನಾಟಕದ ಮೇಷ್ಟ್ರದು ಒಂದು ಪದ್ಧತಿ. ಮಕ್ಕಳು ತಲಾ ಒಂದು ಸ್ವಗತ ಬರೆಯಬೇಕು, ಐದು ನಿಮಿಷದ್ದು. ಬರೆದವರು ತಮ್ಮದನ್ನು ತಾವೇ ಆಡುವಂತಿಲ್ಲ. ಹಾಳೆಗಳನ್ನು ಡಬ್ಬಕ್ಕೆ ಹಾಕಿ ಕಲಸಿದ ಮೇಲೆ, ಎತ್ತಿದವರಿಗೆ ಎತ್ತಿದ್ದು. ಯಾರು ಬರೆದದ್ದೆಂದು ಹೊರಗೆ ಹೇಳುವುದಿಲ್ಲ.

"ನಿಂದು ಯಾವುದೇ?" ಎಂದು ಮಗಳನ್ನು ಕೇಳಿದ್ದೆ.

"ಹೇಳಂಗಿಲ್ಲಮ್ಮ. ಬಂದು ನೋಡು," ಎಂದಿದ್ದಳು, ನನ್ನ ಎದುರಿಗೆ ಬಂದು ನಿಂತು. ಅವಳು ನನ್ನೊಂದಿಗೆ ಮಾತಾಡುವುದೇ ಹಾಗೆ. ಎರಡು ವರ್ಷದಿಂದ ನನ್ನ ಕಿವಿ ಅಷ್ಟಕ್ಕಷ್ಟೆ. ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಇದು ಗೊತ್ತಿದ್ದುದು ಅವಳೊಬ್ಬಳಿಗೇ. ಔಷಧಿ ಅಂಗಡಿಯಲ್ಲಿ ನಿಲ್ಲುವವಳಿಗೆ ಕಿವಿ ಕೇಳಿಸದು ಎಂದರೆ ಯಾರು ಇಟ್ಟುಕೊಂಡಾರು? ಬಾಯಲ್ಲೇ ಮಾತ್ರೆ ಕೇಳುವ ಗಿರಾಕಿಗಳ ಮುಂದೆ ಕಾಗದ ಸರಿಸಿ, "ಬರ್ದು ಕೊಡಿ ಸಾರ್, ಈಗ ಹಂಗೇ ರೂಲ್ಸು," ಎನ್ನುತ್ತಿದ್ದೆ. ರೂಲ್ಸು ಮಾಡಿದವಳೂ ನಾನೇ. ಅಂಗಡಿ ಯಜಮಾನರಿಗೆ ಅದೆಷ್ಟು ಹಿಡಿಸಿತೆಂದರೆ ಬೋರ್ಡು ಬರೆಸಿ ಗೋಡೆಗೆ ಹಾಕಿದ್ದರು.

ಅವರ ಮಗನೂ ನನ್ನ ಮಗಳ ನಾಟಕದ ತಂಡದಲ್ಲಿದ್ದ. ಪ್ರದರ್ಶನದ ದಿನ ಯಜಮಾನರು ನನ್ನ ಮುಂದಿನ ಸಾಲಿನಲ್ಲೇ ಕೂತರು.

ನಾಲ್ಕನೆಯವನಾಗಿ ಬಂದದ್ದು ಅವರ ಮಗ. ಸೊಂಟಕ್ಕೆ ಹಿಟ್ಟು ಮೆತ್ತಿದ ಬಟ್ಟೆ, ಮುಂದೊಂದು ಮೇಜು. ಬೇಕರಿಯವಳ ಪಾತ್ರವಂತೆ. ಅವನ ತುಟಿ ಓದಿದೆ: "ಬನ್ನಾ? ಬರ್ದು ಕೊಡಿ ಸಾರ್, ಈಗ ಹಂಗೇ ರೂಲ್ಸು."

ಎರಡೇ ಬೆರಳಲ್ಲಿ ಕಾಗದ ಸರಿಸಿದ, ಥೇಟ್ ನನ್ನ ಹಾಗೆ. ಮುಂದಿನ ಸಾಲುಗಳ ಭುಜಗಳೆಲ್ಲ ನಗುವಿಗೆ ಕುಣಿದವು. ಯಜಮಾನರವೂ.

"ಕಿವಿ ಹೋಗಿರೋದು ಮಗಳೊಬ್ಬಳಿಗೇ ಗೊತ್ತು. ಯಾರಿಗೂ ಹೇಳಲ್ಲ ಅಂತ ಆಣೆ ಹಾಕ್ಸಿದೀನಿ," ಎಂದು ಹುಡುಗ ಬೆನ್ನು ತಿರುಗಿಸಿದ. ಮುಂದಿನದು ನನಗೆ ಸಿಗಲಿಲ್ಲ. ಯಜಮಾನರ ಭುಜಗಳು ಮಾತ್ರ ನಿಂತುಹೋದದ್ದು ಕಂಡಿತು.

ಮುಗಿದ ಮೇಲೆ ಮಗಳು ವರಾಂಡದಲ್ಲಿ ಎದುರಾದಳು. "ಬೇಕರಿ ಅಂತ ಮಾಡಿದೀನಲ್ಲಮ್ಮ, ಯಾರಿಗ್ ಗೊತ್ತಾಗತ್ತೆ?"

"ನನ್ ಮಾತು ನನ್ ಬಾಯಿಂದ ಬಿದ್ದ ಹಾಗೇ ಎತ್ತಿ ಕೊಟ್ಟಿದೀಯಲ್ಲೇ!"

"ನಿಜ ಇದ್ರೇನೇ ಚೆನ್ನಾಗಿರತ್ತೆ ಅಂದ್ರು ಮೇಷ್ಟ್ರು..." ಎನ್ನುತ್ತಿದ್ದವಳು ನನ್ನ ಭುಜದಾಚೆ ಏನನ್ನೋ ನೋಡಿ ಮಾತು ನಿಲ್ಲಿಸಿದಳು. ಅವಳ ಮುಖ ಬಿಳಿಚುತ್ತಾ ಹೋಯಿತು. ಕೊನೆಗೆ ನಾನು ತಿರುಗಿದೆ.

ಎರಡೇ ಹೆಜ್ಜೆ ಹಿಂದೆ ಯಜಮಾನರು ನಿಂತಿದ್ದರು.

"ಮೂರು ಸಲ ಕರೆದೆ ಅಕ್ಕಾ," ಎಂದರು. ಬೈಯಲಿಲ್ಲ, ನನಗೆ ತಿಳಿಯಲೆಂದು ತುಟಿಗಳನ್ನು ನಿಧಾನವಾಗಿ ಆಡಿಸಿದರು, ಅಷ್ಟೆ. "ಅದು ಔಷಧಿ. ಬನ್ನಲ್ಲ. ನಾಳೆಯಿಂದ ಬರೋದು ಬೇಡ."

ಅವರು ಹೋದ ಮೇಲೆ ಮಗಳನ್ನು ಕೇಳಿದೆ: "ಅವ್ರು ಕರೆದಿದ್ದು ನಿಂಗೆ ಕೇಳಿಸ್ತಾ?"

ಹೌದೆಂದು ತಲೆಯಾಡಿಸಿದಳು.

"ಮೂರು ಸಲಾನೂ?"

ಅವಳ ತುಟಿ ಅಲುಗತೊಡಗಿತು. ನಾನು ನೆಲ ನೋಡಿಕೊಂಡು ಮೆಟ್ಟಿಲಿಳಿದೆ.