ಬೈರಯ್ಯ ಮೇಷ್ಟ್ರ ಇನ್ನೂರ ಹನ್ನೆರಡು ಮಾತು

ಆಯುಧಪೂಜೆ ಕಳೆದ ಮೇಲೆ ಮೂರು ದಿನ ನನ್ನ ಫೋನು ಬಾಯಿ ಮುಚ್ಚುವುದಿಲ್ಲ. ಪ್ರಿಂಟರಿನೊಳಗೆ ಕುಂಕುಮ, ಯುಪಿಎಸ್ ಮೇಲೆ ತೀರ್ಥ, ಕೀಬೋರ್ಡಿನ ಸಂದಿಯಲ್ಲಿ ಅಕ್ಷತೆ. ವರ್ಷಕ್ಕೊಂದು ದಿನ ಯಂತ್ರಕ್ಕೆ ದೇವರ ಮರ್ಯಾದೆ, ಉಳಿದಷ್ಟು ದಿನವೂ ಅದರ ತಲೆಯ ಮೇಲೆ ಟೀ ಲೋಟ. ಬೈದೂ ಬೈದೂ ನನಗೆ ಸಾಕಾಗಿದೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಕಾಂತರಾಜು ಕೆಲಸದಲ್ಲಿ ಗಟ್ಟಿ, ಬಾಯಿ ಮಾತ್ರ ಕೆಟ್ಟದ್ದು ಎಂದು ಊರೆಲ್ಲ ಹೇಳುತ್ತದೆ. ಎರಡನೆಯದು ನಿಜ. ಮೊದಲನೆಯದನ್ನು ನಾನೂ ಈ ವರ್ಷದವರೆಗೆ ನಂಬಿದ್ದೆ.

ಈ ಸಲ ಹಬ್ಬ ಕಳೆದ ಎರಡನೇ ದಿನ ಅರಕಲಗೂಡಿನಲ್ಲಿ ಒಂದು ಕೆಲಸ ಮುಗಿಸುತ್ತಿದ್ದೆ. ಶೋಭಿತಾ ಫೋನ್ ಮಾಡಿದಳು.

"ಕಾಂತಣ್ಣ, ಸರ್ವರ್ ಕಾಣ್ತಾನೇ ಇಲ್ಲ. ಎಲ್ಡು ಕಂಪ್ಯೂಟ್ರಲ್ಲೂ ಇಲ್ಲ."

"ಪೂಜೆ ಮಾಡುದ್ರಾ?"

"ಮಾಡುದ್ವಿ ಅಣ್ಣ."

"ಇನ್ನೇನ್ ಕೇಳ್ತೀಯ ಮತ್ತೆ? ಇರು, ಬತ್ತೀನಿ."

ಶೋಭಿತಾ ಕೆಲಸ ಮಾಡುವುದು ನಮ್ಮೂರಿನ ಒಂದು ಪುಟ್ಟ ಆಫೀಸಿನಲ್ಲಿ. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪಾಠಗಳನ್ನು ಓದಿಸಿ, ರೆಕಾರ್ಡ್ ಮಾಡಿ ಕಳಿಸುತ್ತಾರೆ. ಮಹಡಿಯ ಮೇಲೆ ಮೂರು ಕೋಣೆ, ಎರಡು ಕಂಪ್ಯೂಟರು, ಗೋಡೆಗೆಲ್ಲ ಸ್ಪಂಜು ಹೊಡೆದ ಒಂದು ರೆಕಾರ್ಡಿಂಗ್ ಕೋಣೆ. ಮೂಲೆಯಲ್ಲಿ ಸರ್ವರು: ರೆಕಾರ್ಡ್ ಮಾಡಿದ್ದೆಲ್ಲ ನೇರವಾಗಿ ಹೋಗಿ ಕೂರುವ ಒಂದು ಕಪ್ಪು ಡಬ್ಬ, ಅದರೊಳಗೆ ಎರಡು ಡಿಸ್ಕು. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರಬೇಕು, ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ ಎಂಬ ಲೆಕ್ಕಾಚಾರ. ಅದನ್ನು ಕೂರಿಸಿದವನು ನಾನೇ. ಆಫೀಸು ನಡೆಸುವವರು ಪಾಲಾಕ್ಷ, ಒಳ್ಳೆಯ ಮನುಷ್ಯ, ಭಯಭಕ್ತಿ ಸ್ವಲ್ಪ ಹೆಚ್ಚು.

ಆ ಡಬ್ಬದೊಳಗೆ ಬೈರಯ್ಯ ಮೇಷ್ಟ್ರ ದನಿ ಇತ್ತು. ಕೊಣನೂರಿನ ಶಾಲೆಯಲ್ಲಿ ನನಗೆ ಮಗ್ಗಿ ಕಲಿಸಿದವರು, ಕಿವಿ ಹಿಂಡಿದವರು. ನಿವೃತ್ತಿಯ ನಂತರ ಹಳ್ಳಿಮೈಸೂರಿನಲ್ಲಿ ಮನೆ ಮಾಡಿ, ಏಳು ವರ್ಷ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು ಪಾಠ ಓದಿ ಹೋಗುತ್ತಿದ್ದರು. ಅವರ ಹೆಂಡತಿ ಹೊನ್ನಕ್ಕನವರಿಗೆ ಸಕ್ಕರೆ ಕಾಯಿಲೆಯಿಂದ ನಾಲ್ಕು ವರ್ಷದ ಕೆಳಗೆ ಎರಡೂ ಕಣ್ಣು ಹೋದವು. ಈ ವರ್ಷ ಮೇಷ್ಟ್ರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಇರುವುದಿಲ್ಲ ಎಂದರು ಡಾಕ್ಟರು.

ಈ ಸುದ್ದಿ ಹೇಳಲು ಅವರು ಆಫೀಸಿಗೆ ಬಂದ ದಿನ ನಾನೂ ಅಲ್ಲಿದ್ದೆ. "ಸತ್ರೆ ಓಗ್ಲಿ ಬುಡು ಕಾಂತ," ಎಂದರು. "ಬದುಕುದ್ರೆ ಏನ್ ಮಾಡದು? ನಾನು ಬರ್ದಿದ್ದು ಅವಳಿಗೆ ಕಾಣಲ್ಲ, ನಂಗೆ ಮಾತು ಬರಲ್ಲ. ನಾನು ಮನೇಲಿದೀನಿ ಅಂತ ಹೊನ್ನಿಗೆ ಎಂಗ್ಲಾ ಗೊತ್ತಾಗ್ಬೇಕು?"

ಉಪಾಯ ಹೇಳಿದವಳು ಶೋಭಿತಾ. ಆಪರೇಷನ್ನಿಗೆ ಮುಂಚೆ ಮನೆಯಲ್ಲಿ ಬೇಕಾಗುವ ಮಾತನ್ನೆಲ್ಲ ರೆಕಾರ್ಡ್ ಮಾಡಿಬಿಡೋಣ, ಮೊಬೈಲಿಗೆ ಹಾಕಿ ಕೊಡೋಣ, ಮೇಷ್ಟ್ರು ಒತ್ತಿದರೆ ಅದು ಮಾತಾಡಲಿ ಎಂದಳು. ಆರು ವಾರ ಮೇಷ್ಟ್ರು ಆ ಸ್ಪಂಜಿನ ಕೋಣೆಯಲ್ಲಿ ಕೂತರು. ಗಂಟಲು ನೋಯುತ್ತಿತ್ತು, ನಡುನಡುವೆ ಬಿಸಿನೀರು ಕುಡಿಯುತ್ತಿದ್ದರು. "ಗುಳಿಗೆ ನುಂಗ್ದಾ?" "ಬಚ್ಚಲಲ್ಲಿ ನೀರ್ ಚೆಲ್ಲೈತೆ, ನಿಧಾನ." "ಎದರ್ಬ್ಯಾಡ, ನಾನು ಕಣೇ." "ಇವತ್ತು ಸಾರು ಚೆನ್ನಾಗಿತ್ತು." ಹೀಗೆ ಇನ್ನೂರ ಹನ್ನೆರಡು ಮಾತು. ಅದರಲ್ಲಿ ನಾಲ್ಕು ಬರೀ ಹೊನ್ನಕ್ಕನವರ ಹೆಸರು: ದೂರದಿಂದ ಕೂಗುವ ಹೊನ್ನಿ, ನಿದ್ದೆಯಿಂದ ಎಬ್ಬಿಸುವ ಹೊನ್ನಿ, ಸಿಟ್ಟಿನ ಹೊನ್ನಿ, ಸುಮ್ಮನೆ ಪಕ್ಕದಲ್ಲಿ ಕೂತು ಅನ್ನುವ ಹೊನ್ನಿ. ಕೊನೆಯದನ್ನು ರೆಕಾರ್ಡ್ ಮಾಡುವಾಗ ನಮ್ಮನ್ನೆಲ್ಲ ಆಚೆ ಕಳಿಸಿದ್ದರು.

ಹಬ್ಬಕ್ಕೆ ಒಂದು ವಾರ ಮುಂಚೆ, ಮೈಸೂರಿನ ಆಸ್ಪತ್ರೆಗೆ ಹೊರಡುವ ಹಿಂದಿನ ದಿನ, "ಈಗ್ಲೇ ಫೋನಿಗೆ ಆಕ್ಬುಡ್ತೀರಾ?" ಎಂದು ಕೇಳಿದರು. ಫ್ಯಾನಿನ ಸದ್ದು ಬಂದಿದೆ, ಚೊಕ್ಕ ಮಾಡಿ ಹಾಕುತ್ತೇನೆ, ನೀವು ಬರುವಷ್ಟರಲ್ಲಿ ರೆಡಿ ಇರುತ್ತೆ ಎಂದಳು ಶೋಭಿತಾ. ನಾನು ಸುಮ್ಮನಿರಬಾರದಿತ್ತೇ? "ಎಲ್ಡು ಡಿಸ್ಕಲ್ಲಿ ಇರ್ತದೆ ಮೇಷ್ಟ್ರೇ, ಬ್ಯಾಂಕಲ್ಲಿ ಇಟ್ಟಂಗೆ," ಎಂದೆ. ಹಾಗೆ ಹೇಳುವಾಗ ಎರಡನೇ ಡಿಸ್ಕು ಕೆಟ್ಟು ಒಂದೂವರೆ ತಿಂಗಳಾಗಿತ್ತು. ಅದು ಪೂರ್ತಿ ಸತ್ತಿರಲಿಲ್ಲ, ಆಗಾಗ ಎಚ್ಚರ ತಪ್ಪುತ್ತಿತ್ತು. ನಾನೇ ಅದನ್ನು ಅರ್ಧ ಹೊರಗೆಳೆದು, 'ಕೆಟ್ಟಿದೆ' ಎಂದು ಚೀಟಿ ಅಂಟಿಸಿ, ಹಾಸನದಿಂದ ಹೊಸದು ತರುತ್ತೇನೆಂದು ಹೇಳಿದ್ದೆ. ಹಾಸನಕ್ಕೆ ನಾಲ್ಕು ಸಲ ಹೋಗಿ ಬಂದೆ, ನಾಲ್ಕು ಸಲವೂ ಮರೆತೆ.

ಹೊಟ್ಟೆ ಹಸಿದುಕೊಂಡೇ ಹನ್ನೊಂದು ಗಂಟೆಗೆ ಆಫೀಸಿಗೆ ಬಂದೆ. ಬಾಗಿಲಿಗೆ ಕಟ್ಟಿದ್ದ ಬಾಳೆಕಂದು ಇನ್ನೂ ಇತ್ತು. ಕಟ್ಟಲು ದಾರ ಸಿಗದೆ, ಪುಣ್ಯಾತ್ಮರು ಗೋಡೆಯ ಮೇಲೆ ಹೋಗಿದ್ದ ನೆಟ್‌ವರ್ಕ್ ವೈರನ್ನೇ ಎಳೆದು ಎರಡು ಸುತ್ತು ಸುತ್ತಿ ಗಂಟು ಹಾಕಿದ್ದರು. ವೈರು ಒಳಗೇ ತುಂಡಾಗಿತ್ತು.

"ಯಾರ್ರೀ ಇದು ಮಾಡಿದ್ದು? ಇದೇನು ಎಮ್ಮೆ ಕಟ್ಟೋ ಅಗ್ಗ ಅಂದ್ಕೊಂಡ್ರಾ?"

ಪಾಲಾಕ್ಷ ತಲೆ ಕೆರೆದುಕೊಂಡರು. "ಉಪಯೋಗ್ದಲ್ಲಿ ಇಲ್ದಿದ್ದು ಅಂದ್ಕೊಂಡೆ ಕಣಪ್ಪ."

ಬಯ್ಯುತ್ತಲೇ ಹೊಸ ವೈರು ಎಳೆದೆ. ಆದರೂ ಸರ್ವರು ಬರಲಿಲ್ಲ. ಡಬ್ಬ ಬೀಪ್ ಬೀಪ್ ಎಂದು ಬಡಿದುಕೊಳ್ಳುತ್ತಿತ್ತು. ಎರಡೂ ಡಿಸ್ಕಿಗೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಪರದೆ ಜೋಡಿಸಿ ನೋಡಿದೆ. ಎರಡು ಡಿಸ್ಕಿನಲ್ಲಿ ಇರುವುದು ಒಂದೇ ಥರ ಇಲ್ಲ, ಯಾವುದನ್ನು ನಂಬಲಿ, ಯಾವುದರ ಮೇಲೆ ಬರೆಯಲಿ ಎಂದು ಕೇಳುತ್ತಿತ್ತು. ಓಹೋ, ಅರ್ಧ ಎಳೆದಿದ್ದನ್ನು ಯಾರೋ ಪೂರ್ತಿ ತಳ್ಳಿದ್ದಾರೆ, ಅಷ್ಟೇ ಎಂದುಕೊಂಡೆ. ಒಳ್ಳೆಯದು ಯಾವಾಗಲೂ ಮೇಲಿನ ಗೂಡಿನಲ್ಲಿ, ಕೆಟ್ಟದ್ದು ಕೆಳಗಿನ ಗೂಡಿನಲ್ಲಿ. ಹೇಗೂ ಒಳಗೆ ಹೋಗಿದೆಯಲ್ಲ, ಹೊಸದು ಬರುವ ತನಕ ಇದರಲ್ಲೇ ಒಂದು ನಕಲು ಇರಲಿ ಎನ್ನಿಸಿತು. ಮೇಲಿನದನ್ನು ನಂಬು, ಕೆಳಗಿನದರ ಮೇಲೆ ಬರೆ ಎಂದು ಒತ್ತಿದೆ. ಹೊರಗೆಳೆದು ನೋಡಲಿಲ್ಲ, ಯಾರನ್ನೂ ಒಂದು ಮಾತು ಕೇಳಲಿಲ್ಲ. ಶೋಭಿತಾ ಏನೋ ಹೇಳಲು ಬಾಯಿ ತೆರೆದಳು. "ಸುಮ್ಕಿರಮ್ಮ, ನೀವ್ ಮಾಡಿರೋ ಘನಂದಾರಿ ಕೆಲ್ಸ ಸಾಕು," ಎಂದು ಅವಳ ಬಾಯಿ ಮುಚ್ಚಿಸಿ, ಕೆಳಗಿಳಿದು ಹೋಟೆಲಿನಲ್ಲಿ ಎರಡು ಇಡ್ಲಿ ತಿಂದೆ.

ಮೂರು ಗಂಟೆ ಹಿಡಿಯಿತು. ಬೀಪ್ ನಿಂತಿತು, ಎರಡು ಕಂಪ್ಯೂಟರಿನಲ್ಲೂ ಸರ್ವರು ಕಾಣಿಸಿತು. ಪಾಲಾಕ್ಷ ಕೈ ಮುಗಿದರು. ಶೋಭಿತಾ ಮೇಷ್ಟ್ರ ಫೋಲ್ಡರ್ ಹುಡುಕಿದಳು, ಇನ್ನೊಮ್ಮೆ ಹುಡುಕಿದಳು.

"ಅಣ್ಣ, ಮೇಷ್ಟ್ರುದು ಇಲ್ಲ."

"ಸರಿಯಾಗ್ ನೋಡು."

"ಶ್ರಾವಣದಿಂದೀಚೆಗೆ ಯಾವ್ದೂ ಇಲ್ಲ ಅಣ್ಣ."

ಡಿಸ್ಕುಗಳನ್ನು ಹೊರಗೆಳೆದೆ. 'ಕೆಟ್ಟಿದೆ' ಎಂಬ ಚೀಟಿ ಎರಡರ ಮೇಲೂ ಇರಲಿಲ್ಲ. ನಂಬರು ನೋಡಿದೆ. ಮೇಲಿನ ಗೂಡಿನಲ್ಲಿದ್ದದ್ದು ಕೆಟ್ಟ ಡಿಸ್ಕು.

ಆಗ ಅವಳು ಅಳುತ್ತಾ ಹೇಳಿದಳು. ಪೂಜೆಗೆ ಅಂತ ಎರಡನ್ನೂ ಹೊರಗೆ ತೆಗೆದು, ಒರೆಸಿ, ಕೊಳೆಯಾಗಿದ್ದ ಚೀಟಿ ಕಿತ್ತು, ತಟ್ಟೆಯಲ್ಲಿಟ್ಟು ಹೂವು ಏರಿಸಿದ್ದಳು. ಮಂಗಳಾರತಿ ಆದ ಮೇಲೆ ಪಾಲಾಕ್ಷ ಅವನ್ನು ಕಣ್ಣಿಗೊತ್ತಿಕೊಂಡು ಒಳಗೆ ತಳ್ಳಿದ್ದರು. ಅದಲುಬದಲಾಗಿತ್ತು. ಶ್ರಾವಣದಲ್ಲೇ ನಿಂತುಹೋಗಿದ್ದ ಡಿಸ್ಕನ್ನು ನಂಬಿ, ಮೇಷ್ಟ್ರ ಆರು ವಾರದ ಮೇಲೆ ನಾನೇ ಬರೆಸಿಬಿಟ್ಟಿದ್ದೆ.

"ಚೀಟಿ ಯಾಕಮ್ಮ ಕೀಳಕ್ಕೋದೆ?" ಎಂದು ಪಾಲಾಕ್ಷ ಅವಳ ಮೇಲೆ ಹಾರಿದರು. "ಮುಂದಿನ್ ತಿಂಗ್ಳಿಂದ ಬರ್ಬೇಡ ನೀನು."

ಆ ಕ್ಷಣ ನಾನು ಬಾಯಿ ಮುಚ್ಚಿಕೊಂಡಿದ್ದರೆ ತಪ್ಪು ಅವಳ ತಲೆಗೆ ಹೋಗುತ್ತಿತ್ತು. ಸುಳ್ಳೇಕೆ, ಒಂದು ಗಳಿಗೆ ಮುಚ್ಚಿಕೊಂಡೇ ಇದ್ದೆ. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. "ಅವಳಿಗ್ಯಾಕ್ ಬೈತೀರಾ? ನೋಡ್ದೆ ಒತ್ತುದೋನು ನಾನು ಸಾ. ಡಿಸ್ಕ್ ತರ್ದೆ ಇದ್ದೋನೂ ನಾನೇ," ಎಂದೆ.

ಹಾಸನದಲ್ಲಿ ಅಳಿಸಿಹೋದದ್ದನ್ನು ಎತ್ತಿಕೊಡುವ ಗೌತಮ್ ಎಂಬ ಹುಷಾರಾದ ಹುಡುಗ ಇದ್ದಾನೆ. ಅವನ ಬಳಿ ಓಡಿದೆ. ನಾಲ್ಕು ದಿನ ಇಟ್ಟುಕೊಂಡು ಅವನು ಹೇಳಿದ್ದು ಇಷ್ಟೇ: "ಅಳ್ಸಿದ್ರೆ ಎತ್ಬೋದು ಸಾ. ನೀವು ಮೇಲೆ ಬರ್ದ್ಬುಟ್ಟಿದೀರ."

ಉಳಿದದ್ದು ಏಳು ವರ್ಷದ ಪಾಠ. ನೂರಾರು ಗಂಟೆ ಮೇಷ್ಟ್ರ ದನಿ, ಆದರೆ ಎಲ್ಲವೂ ಪುಸ್ತಕದ್ದು. ಶೋಭಿತಾ ಹಠ ಹಿಡಿದು ಕೂತಳು. ನೀರಿನ ಪಾಠದಿಂದ 'ನೀರು', ಆರೋಗ್ಯದ ಪಾಠದಿಂದ 'ಊಟ', ಯಾವುದೋ ಕಥೆಯಿಂದ 'ನಿಧಾನವಾಗಿ ನಡೆ' ಎಂದು ಕತ್ತರಿಸಿ ಕತ್ತರಿಸಿ ಜೋಡಿಸಿದಳು. 'ಗುಳಿಗೆ' ಎಲ್ಲೂ ಸಿಗಲಿಲ್ಲ. ಹೊನ್ನು ಸಿಕ್ಕಿತು, ಹೊನ್ನಾವರ ಸಿಕ್ಕಿತು, ಹೊನ್ನಿ ಎಂಬುದು ಒಂದು ಪುಸ್ತಕದಲ್ಲೂ ಇರಲಿಲ್ಲ.

ಮೇಷ್ಟ್ರು ಆಸ್ಪತ್ರೆಯಿಂದ ಬಂದ ಮೂರನೇ ದಿನ ಬೆಳಿಗ್ಗೆ ಹಳ್ಳಿಮೈಸೂರಿಗೆ ಹೋದೆ. ಅವರು ಜಗಲಿಯ ಮೇಲೆ ಕೂತಿದ್ದರು. ಉಸಿರಿಗೆಂದು ಕುತ್ತಿಗೆಯಲ್ಲಿ ಮಾಡಿದ ತೂತಿನ ಮೇಲೆ ಬಿಳಿ ಬಟ್ಟೆ, ತೊಡೆಯ ಮೇಲೆ ಸ್ಲೇಟು. ನನ್ನನ್ನು ಕಂಡು ಅವರ ಮುಖ ಅರಳಿತು, ಕೈ ಚಾಚಿದರು. ಫೋನು ಕೊಡು ಎಂಬ ಹಾಗೆ. ನಾನು ಅವರ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಚೀಟಿಯ ವಿಷಯ ಹೇಳಲಿಲ್ಲ, ನಾನು ಒತ್ತಿದ್ದನ್ನು ಹೇಳಿದೆ. "ಬಯ್ರಿ ಮೇಷ್ಟ್ರೇ, ಒಡೀರಿ," ಎಂದೆ. ಅವರು ಸ್ಲೇಟಿನ ಮೇಲೆ ಬರೆದರು: 'ಅವಳಿಗೆ ನಾನೇ ಹೇಳ್ತೀನಿ.' ಬರೆದದ್ದನ್ನು ತಾವೇ ಒಂದು ಸಲ ಓದಿಕೊಂಡರು. ಅಂಗೈಯಿಂದ ಒರೆಸಿ, 'ನೀನು ಹೇಳು' ಎಂದು ಬರೆದರು.

ಒಳಗೆ ಹೊನ್ನಕ್ಕನವರು ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೇಷ್ಟ್ರು ಎದುರಿನ ಕುರ್ಚಿಯಲ್ಲಿ ಕೂತರು. ಕುರ್ಚಿ ಕಿರುಗುಟ್ಟಿದ್ದು ಕೇಳಿ ಹೊನ್ನಕ್ಕನವರು ಆ ಕಡೆ ಮುಖ ತಿರುಗಿಸಿದರು.

"ಕಾಂತನ್ ದನಿ ಕೇಳುಸ್ತು. ತಂದೇನಪ್ಪ ನಮ್ ಮೇಷ್ಟ್ರ ಮಾತಾ?"

ನಾನು ಶೋಭಿತಾ ಜೋಡಿಸಿದ್ದನ್ನು ಒತ್ತಿದೆ. 'ನೀರು ಕುಡಿಯಬೇಕು' ಎಂದಿತು ಫೋನು. 'ನಿಧಾನವಾಗಿ ನಡೆ' ಎಂದಿತು. ಅವರು ಕಿವಿಗೊಟ್ಟು ಕೇಳಿದರು.

"ಇದು ಇಸ್ಕೂಲ್ ದನಿ ಕಣಪ್ಪ. ಮಕ್ಕಳಿಗೆ ಓದೋದು. ಮನೆ ದನಿ ಎಲ್ಲೈತೆ?"

ಹೇಳಿದೆ. ಅವರ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ನನ್ನೆಸ್ರು ಕೂಗಿದ್ದು? ಅದಾದ್ರೂ ಐತಾ?"

"ಇಲ್ಲ ಕಣಮ್ಮ. ನಾನೇ ಆಳ್ ಮಾಡ್ಬುಟ್ಟೆ."

ಮೇಷ್ಟ್ರು ಮೆಲ್ಲಗೆ ಎದ್ದರು. ಈ ಸಲ ಕುರ್ಚಿ ಸದ್ದು ಮಾಡಲಿಲ್ಲ. ಬರಿಗಾಲಲ್ಲಿ ಬಾಗಿಲ ಬಳಿ ಹೋಗಿ ಚೌಕಟ್ಟು ಹಿಡಿದು ನಿಂತರು. ಅವರ ಭುಜ ಅಲುಗುತ್ತಿತ್ತು, ಬಾಯಿ ತೆರೆದಿತ್ತು, ಕಣ್ಣೀರು ಗಲ್ಲದಿಂದಿಳಿದು ಕುತ್ತಿಗೆಯ ಬಟ್ಟೆ ನೆನೆಸುತ್ತಿತ್ತು. ಒಂದು ಚೂರೂ ಸದ್ದಿಲ್ಲ. ದನಿ ಇಲ್ಲದ ಅಳು ಹೇಗಿರುತ್ತದೆಂದು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹೊನ್ನಕ್ಕನವರು ಖಾಲಿ ಕುರ್ಚಿಯ ಕಡೆ ಬಾಗಿ ಹೇಳಿದರು: "ಓಗ್ಲಿ ಬುಡಿ. ಈ ಹುಡುಗ್ನ ಮ್ಯಾಲೆ ಸಿಟ್ ಮಾಡ್ಕಬ್ಯಾಡಿ. ನಲವತ್ತು ವರ್ಸ ಕೇಳಿಲ್ವಾ ನಾನು? ಕಿವೀಲೇ ಐತೆ. ನೀವು ಬೇಜಾರ್ ಮಾಡ್ಕಂಡ್ರೆ ಮಾತ್ರ ನಂಗೆ ತಡಿಯಕ್ಕಾಗಲ್ಲ." ಸ್ವಲ್ಪ ಹೊತ್ತು ಕಾದರು. ಆಮೇಲೆ ನನ್ನ ಕಡೆ ತಿರುಗಿದರು. "ಏನ್ ಮಾಡ್ತಾವ್ರೆ ಕಾಂತ?"

ಮೇಷ್ಟ್ರು ಬಾಗಿಲಿನಿಂದಲೇ ನನ್ನತ್ತ ತಲೆಯಾಡಿಸಿದರು. ಬೇಡ, ಬೇಡ ಎಂದು.

"ನಗ್ತಾವ್ರೆ ಕಣಮ್ಮ," ಎಂದೆ.

"ಅಂಗಾ?" ಎಂದರು ಹೊನ್ನಕ್ಕ. ಆ ಕುರ್ಚಿಯ ಕಡೆ ಮುಖ ಮಾಡಿ ತಾವೂ ನಕ್ಕರು.